ತಂಗುವ ಕೇರಿಯನ್ನು ಆರಿಸುವುದು ಅಗತ್ಯವೋ, ಭಯವೋ?

ಉತ್ತರ ಕನ್ನಡ ಕರಾವಳಿಯ ಜನರು ಮಹಾನಗರಗಳಿಗೆ ಹೋಗುವುದು ವಿಹಾರಕ್ಕಾಗಿ ಮಾತ್ರವಲ್ಲ. ಭಟ್ಕಳ, ಹೊನ್ನಾವರ, ಕುಮಟಾಗಳ ಎಷ್ಟೋ ಕುಟುಂಬಗಳಿಗೆ ನಗರದ ಪರಿಚಯವಾಗುವುದೇ ಆಸ್ಪತ್ರೆಯ ಬಾಗಿಲಲ್ಲಿ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ದೊಡ್ಡ ಅಭಿಯಾನವೇ ನಡೆಯಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಧಾವಿಸುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ಪ್ರಾಣ ಕಳೆದುಕೊಂಡಾಗ ಆ ಬೇಡಿಕೆ ಮತ್ತೊಮ್ಮೆ ಬೀದಿಗೆ ಬಂತು. ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿ.ಮೀ. ಕುಮಟಾದಿಂದ ಸುಮಾರು 150 ಕಿ.ಮೀ. ಅಲ್ಲಿಯೂ ಆಗದಿದ್ದರೆ ಮಂಗಳೂರು, ಬೆಂಗಳೂರು, ಮುಂಬೈ.

ಇಂತಹ ಪ್ರಯಾಣಕ್ಕೆ ಸಿದ್ಧರಾಗುವಾಗ ನಮ್ಮ ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ಯಾವುದು? ಆಸ್ಪತ್ರೆಗೆ ಹತ್ತಿರದ ವಸತಿ ಎಲ್ಲಿದೆ ಎಂಬುದಲ್ಲ. ‘ನಮ್ಮವರ ಏರಿಯಾ ಯಾವುದು?’ ಎಂಬುದು. ಬೆಂಗಳೂರಾದರೆ ಶಿವಾಜಿನಗರ, ಮುಂಬೈಯಾದರೆ ಮುಹಮ್ಮದ್ ಅಲಿ ರೋಡ್, ಮಂಗಳೂರಾದರೆ ಬಂದರು ಅಥವಾ ಕುದ್ರೋಳಿ. ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ರೋಗ ಯಾವುದು, ಆಸ್ಪತ್ರೆ ಎಲ್ಲಿದೆ, ಎಷ್ಟು ದಿನ ಇರಬೇಕು ಎಂಬುದೆಲ್ಲ ಆಮೇಲಿನ ಮಾತು. ಈ ರೂಢಿಯನ್ನು ಪ್ರಶ್ನಿಸದೆ ಉಪಾಯವಿಲ್ಲ.

ಒಂದು ಉದಾಹರಣೆ ನೋಡಿ. ಕುಮಟಾದ ಕುಟುಂಬವೊಂದು ಕ್ಯಾನ್ಸರ್ ಪೀಡಿತ ತಾಯಿಯೊಂದಿಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೊರಟಿದೆ ಎಂದಿಟ್ಟುಕೊಳ್ಳೋಣ. ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಇವೆಲ್ಲ ಹೊಸೂರು ರಸ್ತೆಯ ಆಸುಪಾಸಿನಲ್ಲಿವೆ. ಹೃದ್ರೋಗದ ಜಯದೇವ ಸಂಸ್ಥೆ ಜಯನಗರದ ಬದಿಯಲ್ಲಿದೆ. ಆದರೆ ಕುಟುಂಬ ಇಳಿದುಕೊಳ್ಳುವುದು ನಗರದ ಇನ್ನೊಂದು ಮಗ್ಗುಲಲ್ಲಿರುವ ಶಿವಾಜಿನಗರದಲ್ಲಿ. ಕೀಮೋ ಪಡೆದು ತಲೆ ಎತ್ತಲಾರದ ತಾಯಿಯನ್ನು ವಾಹನ ದಟ್ಟಣೆಯ ನಡುವೆ ಆಟೋದಲ್ಲಿ ಕುಳ್ಳಿರಿಸಿ ಬೆಳಗ್ಗೆ ಕರೆದೊಯ್ಯುವುದು, ಸಂಜೆ ಕರೆತರುವುದು. ಇದರಿಂದ ಯಾರಿಗೆ ರಕ್ಷಣೆ ದೊರಕಿತು?

ಮುಂಬೈಯ ಕತೆಯೂ ಇದುವೇ. ಭಟ್ಕಳ ಅಥವಾ ಕುಮಟಾದಲ್ಲಿ ಮತ್ಸ್ಯಗಂಧ ರೈಲು ಹತ್ತಿದವರು ಇಳಿಯುವುದು ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಟಾಟಾ ಸ್ಮಾರಕ ಆಸ್ಪತ್ರೆ ಇರುವುದು ಪರೇಲಿನಲ್ಲಿ. ಕುರ್ಲಾದಿಂದ ದಕ್ಷಿಣಕ್ಕೆ ಹೊರಟರೆ ಪರೇಲ್ ಮೊದಲು ಸಿಗುತ್ತದೆ, ಭೆಂಡಿ ಬಜಾರ್ ಆಮೇಲೆ. ನಮ್ಮವರು ಆಸ್ಪತ್ರೆಯನ್ನು ದಾಟಿ ಮುಂದೆ ಹೋಗಿ ಕೋಣೆ ಹಿಡಿಯುತ್ತಾರೆ, ಮರುದಿನ ಬೆಳಗ್ಗೆ ಅದೇ ದಾರಿಯಲ್ಲಿ ಹಿಂದಿರುಗುತ್ತಾರೆ. ಮಂಗಳೂರಿನ ದೇರಳಕಟ್ಟೆಯ ಆಸ್ಪತ್ರೆಗಳಿಗೆ ಬಂದು ಬಂದರಿನಲ್ಲಿ ತಂಗುವವರೂ ಇದ್ದಾರೆ.

ಹಾಗಂತ ಈ ಭಯಕ್ಕೆ ಬುಡವೇ ಇಲ್ಲವೆಂದು ವಾದಿಸುವುದು ಅಪ್ರಾಮಾಣಿಕತೆಯಾದೀತು. 1992-93ರ ಮುಂಬೈ ಗಲಭೆಯ ಬಳಿಕ ಎಷ್ಟೋ ಮುಸ್ಲಿಮ್ ಕುಟುಂಬಗಳು ತಾವು ಬಾಳಿ ಬದುಕಿದ ಕೇರಿಗಳನ್ನು ಬಿಟ್ಟು ದೂರದ ಮುಂಬ್ರಾಕ್ಕೆ ಹೋಗಿ ನೆಲೆಸಿದವು. 1993ರಲ್ಲಿ ಭಟ್ಕಳವೇ ಹೊತ್ತಿ ಉರಿಯಿತು. ಮುಸ್ಲಿಮರಿಗೆ ಮನೆ ಬಾಡಿಗೆಗೆ ಸಿಗುವುದು ಕಷ್ಟವೆಂಬುದನ್ನೂ, ಅವರು ಒಂದೇ ಕಡೆ ಒತ್ತೊತ್ತಾಗಿ ಬದುಕುವಂತಾಗಿರುವುದನ್ನೂ 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ. ಭಟ್ಕಳದವರ ಪಾಲಿಗಂತೂ ಇನ್ನೊಂದು ಹೊರೆಯಿದೆ. ಭಯೋತ್ಪಾದನೆಯ ಆರೋಪಿಗಳ ಹೆಸರಿನ ಜೊತೆ ಊರಿನ ಹೆಸರನ್ನು ಪೋಣಿಸಿ ಮಾಧ್ಯಮಗಳು ವರ್ಷಗಟ್ಟಲೆ ಬರೆದವು. ಪರಿಣಾಮವಾಗಿ, ಮಲ್ಲಿಗೆಗೂ ವ್ಯಾಪಾರಕ್ಕೂ ಹೆಸರಾಗಿದ್ದ ಪಟ್ಟಣವೊಂದು ಗುರುತಿನ ಚೀಟಿಯಲ್ಲಿ ಕಂಡೊಡನೆ ಹುಬ್ಬೇರಿಸುವ ಪದವಾಯಿತು.

ಆದರೆ ವಿಳಾಸ ನೋಡಿ ಕೋಣೆ ನಿರಾಕರಿಸುವ ಲಾಡ್ಜ್ ಮಾಲಕನು ಮಾಡುತ್ತಿರುವುದೇನು? ಸಂವಿಧಾನದ 15ನೇ ವಿಧಿಯ 2ನೇ ಉಪವಿಧಿಯನ್ನು ಒಮ್ಮೆ ಓದಬೇಕು. ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೊಟೇಲುಗಳ ಪ್ರವೇಶದಲ್ಲಿ ಧರ್ಮ, ಜಾತಿ, ಲಿಂಗ ಮಾತ್ರವಲ್ಲ, ಹುಟ್ಟಿದ ಸ್ಥಳದ ಕಾರಣಕ್ಕಾಗಿಯೂ ಯಾವ ಪ್ರಜೆಯನ್ನೂ ತಡೆಯುವಂತಿಲ್ಲ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಗುರುತಿನ ಚೀಟಿ ಕೇಳುವುದು ಲಾಡ್ಜಿನವರ ಕರ್ತವ್ಯ. ಅದರಲ್ಲಿರುವ ಊರನ್ನು ನೋಡಿ ಮುಖ ತಿರುಗಿಸುವುದು ಅವರ ಹಕ್ಕಲ್ಲ. ಇದನ್ನು ಅರಿಯದ ನಾವು ‘ರೂಮು ಖಾಲಿ ಇಲ್ಲ’ ಎಂಬ ಸುಳ್ಳನ್ನು ನುಂಗಿಕೊಂಡು, ಚೀಲ ಎತ್ತಿಕೊಂಡು, ನಮ್ಮವರ ಏರಿಯಾದತ್ತ ಆಟೋ ಹಿಡಿಯುತ್ತೇವೆ. ಆ ಮೌನವೇ ಮುಂದಿನ ಕುಟುಂಬಕ್ಕೂ ಬಾಗಿಲು ಮುಚ್ಚಿಸುತ್ತದೆ. ಮುಂಗಡ ಹಣ ಕೊಟ್ಟು ಕಾದಿರಿಸಿದ ಕೋಣೆಯನ್ನು ನಿರಾಕರಿಸಿದರೆ ರಶೀದಿ ಜೋಪಾನವಾಗಿಡಿ, ಕಾರಣವನ್ನು ಬರಹದಲ್ಲಿ ಕೇಳಿ, ದಿನ-ಸಮಯ ಗುರುತಿಸಿಕೊಂಡು ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ರೋಗಿಯನ್ನು ಕಟ್ಟಿಕೊಂಡವರಿಗೆ ಅಷ್ಟು ವ್ಯವಧಾನ ಇರುವುದಿಲ್ಲ ಎಂಬುದು ನಿಜ. ಅದಕ್ಕಾಗಿಯೇ ಊರಿನ ಸಂಘ ಸಂಸ್ಥೆಗಳು ಇರುವುದು.

ಇನ್ನು ನಮ್ಮೊಳಗಿನ ನೆಪಗಳಿಗೆ ಬರೋಣ. ಹಲಾಲ್ ಆಹಾರ ಸಿಗುವುದಿಲ್ಲ ಎನ್ನುತ್ತಾರೆ. ಅನ್ನ, ಸಾರು, ಇಡ್ಲಿ ಯಾವ ಕೇರಿಯಲ್ಲಿ ಹರಾಮ್? ಮಸೀದಿ ಹತ್ತಿರವಿರುವುದಿಲ್ಲ ಎನ್ನುತ್ತಾರೆ. ಪ್ರಯಾಣಿಕನಿಗೆ ನಮಾಝನ್ನು ಸಂಕ್ಷೇಪಿಸಲು ಅನುಮತಿ ಕೊಟ್ಟ ಧರ್ಮ, ಇಡೀ ಭೂಮಿಯನ್ನೇ ಸಾಷ್ಟಾಂಗಕ್ಕೆ ಯೋಗ್ಯವೆಂದು ಸಾರಿದ ಧರ್ಮ ನಮ್ಮದು. ಮಹಿಳೆಯರ ಸುರಕ್ಷೆ ಎನ್ನುತ್ತಾರೆ. ರಾತ್ರಿ ಹನ್ನೊಂದಕ್ಕೆ ಔಷಧಿ ತರಲು ಆಸ್ಪತ್ರೆಯ ಎದುರಿನ ಕೋಣೆಯಿಂದ ರಸ್ತೆ ದಾಟುವ ಹೆಣ್ಣುಮಗಳು ಹೆಚ್ಚು ಸುರಕ್ಷಿತಳೋ, ಅರ್ಧ ನಗರ ದಾಟುವವಳೋ? ಕೊನೆಗೆ ಮಸೀದಿ, ಬಿರಿಯಾನಿ ಎರಡೂ ಬೇಕೆಂದೇ ಇದ್ದರೂ ಜಯದೇವ ಸಂಸ್ಥೆಯ ಮಗ್ಗುಲಲ್ಲೇ ತಿಲಕನಗರವಿದೆ. ಆದರೂ ಶಿವಾಜಿನಗರಕ್ಕೇ ಹೋಗುತ್ತೇವೆ. ಯಾಕೆಂದರೆ ಅಜ್ಜ ಹೋಗಿದ್ದರು, ಅಬ್ಬ ಹೋಗಿದ್ದರು.

ಮತ್ತೆ ಕೆಲವರಿಗೆ ಸಂಬಂಧಿಕರ ಮನೆಯೇ ಲಾಡ್ಜು. ಮುಂಬೈಯ ಒಂದೂವರೆ ಕೋಣೆಯ ಮನೆಗೆ ರೋಗಿಯೊಂದಿಗೆ ಐವರು ಹೋಗಿ ತಿಂಗಳುಗಟ್ಟಲೆ ಉಳಿಯುವುದನ್ನು ಕುಟುಂಬ ಸಂಬಂಧ ಎನ್ನಲಾಗದು. ಆತಿಥ್ಯದ ಅವಧಿ ಮೂರು ದಿನವೆಂದೂ, ಅತಿಥೇಯನಿಗೆ ಹೊರೆಯಾಗುವಷ್ಟು ಉಳಿಯಬಾರದೆಂದೂ ಪ್ರವಾದಿ(ಸ) ಕಲಿಸಿದ್ದಾರೆ. ಸಂಕೋಚದಿಂದ ಬಾಯಿ ಬಿಡಲಾರದ ಆ ಮನೆಯೊಡತಿಯ ದಣಿವಿಗೆ ಉತ್ತರಿಸಬೇಕಾದವರು ಯಾರು?

ಈ ರೂಢಿಯ ನಿಜವಾದ ಬೆಲೆ ಆಟೋ ಬಾಡಿಗೆಗಿಂತ ದೊಡ್ಡದು. ನಗರವೆಂದರೆ ನಮ್ಮ ಕೇರಿ ಮತ್ತು ಅವರ ಕೇರಿ ಎಂದು ನಮ್ಮ ಮಕ್ಕಳು ಕಲಿಯುತ್ತಾರೆ. ನಾಳೆ ಕಾಲೇಜಿಗೋ, ಉದ್ಯೋಗಕ್ಕೋ ಹೋದಾಗಲೂ ಅವರು ಅದೇ ನಕ್ಷೆಯನ್ನು ಹಿಡಿದು ಮನೆ ಹುಡುಕುತ್ತಾರೆ. ಅತ್ತ, ಭಟ್ಕಳದ ಒಂದು ಕುಟುಂಬವನ್ನೂ ಹತ್ತಿರದಿಂದ ಕಾಣದ ಲಾಡ್ಜ್ ಮಾಲಕ ಟಿ.ವಿ. ಹೇಳಿದ್ದನ್ನೇ ನಂಬುತ್ತಾನೆ. ದ್ವೇಷ ಹಬ್ಬಿಸುವವರಿಗೆ ಬೇಕಾದದ್ದೂ ಇಷ್ಟೇ. ಅವರು ಎಳೆಯಬಯಸುವ ಗಡಿಗೆರೆಯನ್ನು ನಾವೇ ನಮ್ಮ ಖರ್ಚಿನಲ್ಲಿ ಎಳೆದುಕೊಡುತ್ತಿದ್ದೇವೆ.

ಹಾಗಾದರೆ ಮಾಡಬೇಕಾದದ್ದೇನು? ಮುಸಾಫಿರ್ ಖಾನೆ ಎಂಬ ಪದ ನಮಗೆ ಹೊಸದಲ್ಲ. ಮುಂಬೈಯ ಕ್ರಾಫರ್ಡ್ ಮಾರ್ಕೆಟ್ ಸಮೀಪದ ಸಾಬೂ ಸಿದ್ದೀಕ್ ಮುಸಾಫಿರ್ ಖಾನೆಯು ಹಜ್ಜ್ ಯಾತ್ರಿಕರು ಹಡಗಿಗಾಗಿ ಕಾಯುತ್ತಿದ್ದ ಕಾಲದಲ್ಲಿ ಅವರಿಗೆ ಆಸರೆಯಾಗಿತ್ತು. ಅಂದಿನ ಶ್ರೀಮಂತರು ಅದನ್ನು ಪ್ರಯಾಣಿಕನ ಅಗತ್ಯ ಎಲ್ಲಿತ್ತೋ ಅಲ್ಲಿ ಕಟ್ಟಿದರು. ಇಂದಿನ ಪ್ರಯಾಣಿಕನು ಹಡಗಿಗಾಗಿ ಕಾಯುತ್ತಿಲ್ಲ, ವೈದ್ಯರ ಕೋಣೆಯ ಮುಂದೆ ಕಾಯುತ್ತಿದ್ದಾನೆ. ಟಾಟಾ ಆಸ್ಪತ್ರೆಯ ರೋಗಿಗಳಿಗೆ ದಾದರಿನಲ್ಲಿ ಗಾಡ್ಗೆ ಮಹಾರಾಜರ ಹೆಸರಿನ ಧರ್ಮಶಾಲೆಯಿದೆ. ಧರ್ಮ ಕೇಳದೆ ನೆರಳು ನೀಡುವ ಇಂತಹ ಕಡೆಗಳನ್ನು ಬಳಸಿಕೊಳ್ಳಲು ನಾವು ಹಿಂಜರಿಯಬಾರದು. ಅವುಗಳಿಗೆ ನೆರವಾಗಲೂ ಹಿಂಜರಿಯಬಾರದು.

ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಪ್ರಯಾಣಿಕನೂ ಒಬ್ಬನೆಂದು ಕುರ್‌ಆನ್ ಹೇಳುತ್ತದೆ. ನಮ್ಮ ಕರಾವಳಿಯಲ್ಲಿ ಗಲ್ಫಿನ ದುಡಿಮೆಯಿಂದ ಭವ್ಯ ಮನೆಗಳು ಎದ್ದಿವೆ, ಮದುವೆ ಸಭಾಂಗಣಗಳು ಎದ್ದಿವೆ. ಮದುವೆಯ ಜವಳಿಗಾಗಿ ನಗರಕ್ಕೆ ಹೋಗಿ ಪಂಚತಾರಾ ಹೊಟೇಲಿನಲ್ಲಿ ತಂಗುವವರಿಗೆ ಯಾವ ಕೇರಿಯ ಭಯವೂ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಭಯದ ಬೆಲೆ ತೆರುವವನು ಬಡವನೇ. ಭಟ್ಕಳದಲ್ಲಿ 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮ್ ಹುಟ್ಟಿತು, 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಹುಟ್ಟಿತು. ಶತಮಾನದ ಹಿಂದೆ ಅಷ್ಟು ಕಡಿಮೆ ಅನುಕೂಲಗಳಲ್ಲಿ ಸಂಸ್ಥೆ ಕಟ್ಟಿದವರ ಮೊಮ್ಮಕ್ಕಳಿಗೆ ಮಣಿಪಾಲ, ದೇರಳಕಟ್ಟೆ, ಹೊಸೂರು ರಸ್ತೆ, ಪರೇಲ್‌ಗಳಲ್ಲಿ ಹತ್ತು-ಹತ್ತು ಕೋಣೆಗಳ ವಸತಿ ನಡೆಸುವುದು ಅಸಾಧ್ಯವೇ?

ಅದು ನಮ್ಮ ಮೊಹಲ್ಲಾದಲ್ಲಿ ಇರಕೂಡದು, ಆಸ್ಪತ್ರೆಯ ಪಕ್ಕದಲ್ಲಿ ಇರಬೇಕು. ನಮ್ಮವರಿಗೆ ಮಾತ್ರ ಇರಕೂಡದು. ಹೊನ್ನಾವರದ ಮೀನುಗಾರನೂ ಕುಮಟಾದ ಹಾಲಕ್ಕಿ ಒಕ್ಕಲಿಗನೂ ಅದೇ ಹೆದ್ದಾರಿಯಲ್ಲಿ, ಅದೇ ಆಂಬುಲೆನ್ಸಿನಲ್ಲಿ ಬರುತ್ತಾರೆ. ಅವರಿಗೂ ಅಲ್ಲಿ ಚಾಪೆ ಇರಬೇಕು. ಭಟ್ಕಳವೆಂಬ ಹೆಸರನ್ನು ನೋಡಿ ಬಾಗಿಲು ಹಾಕಿದ ನಗರದಲ್ಲಿ, ಭಟ್ಕಳದವರು ಎಲ್ಲರಿಗೂ ತೆರೆದ ಒಂದು ಬಾಗಿಲು ಇರಲಿ. ಅಪಪ್ರಚಾರಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವನ್ನು ಯಾವ ಹೇಳಿಕೆಯೂ ಕೊಡಲಾರದು.