ನಮ್ಮೊಳಗೂ ಪರ್ಮಿಟ್ಟೇ?

ಛತ್ರಪತಿ ಸಂಭಾಜಿನಗರದ, ಅಂದರೆ ಹಳೆಯ ಔರಂಗಾಬಾದಿನ, ಸ್ಕೋಡಾ ಕಾರ್ಖಾನೆಗೆ ದುಡಿಯಲು ಬರುವ ವಿದೇಶಿ ಎಂಜಿನಿಯರಿಗೆ ಎಂಪ್ಲಾಯ್‌ಮೆಂಟ್ ವೀಸಾ ಬೇಕು; ಸಂಬಳ ಸಾಮಾನ್ಯವಾಗಿ ವರ್ಷಕ್ಕೆ 16.25 ಲಕ್ಷ ದಾಟಿರಬೇಕು. 10 ಕೋಟಿ ಹೂಡುವ ವಿದೇಶಿಗೆ ದೀರ್ಘ ವಾಸದ ಅವಕಾಶ ಕೊಡಲು 2016ರಲ್ಲೇ ಕೇಂದ್ರ ಒಪ್ಪಿತು. ಸರಿ, ಅವರು ಪರದೇಶದವರು. ನಾಸಿಕಕ್ಕೆ ದುಡಿಯಲು ಬಂದ ನನ್ನಂಥ ಕನ್ನಡಿಗನನ್ನು ಯಾರೂ ಪರ್ಮಿಟ್ ಕೇಳಲಿಲ್ಲ. ಸಂವಿಧಾನದ 19ನೇ ವಿಧಿಯೇ ನಮ್ಮ ಪರ್ಮಿಟ್ಟು.

ಊರಲ್ಲಿ ನೀವು ಮಾಡಹೊರಟಿದ್ದೇನು ಸ್ವಾಮಿ? 2024ರ ಜುಲೈನಲ್ಲಿ ಸಂಪುಟ ಒಪ್ಪಿ, ಆಮೇಲೆ ತಡೆಹಿಡಿದ ಉದ್ಯೋಗ ಮಸೂದೆಯಲ್ಲಿ 'ಸ್ಥಳೀಯ' ಎಂದರೆ ಕನ್ನಡ ಬಲ್ಲವನಾದರೆ ಸಾಲದು, ಕರ್ನಾಟಕದಲ್ಲೇ ಹುಟ್ಟಿ 15 ವರ್ಷ ಅಲ್ಲೇ ನೆಲೆಸಿರಬೇಕು. ನಾಸಿಕದಲ್ಲಿ ಹುಟ್ಟಿ, ಮನೆಯಲ್ಲೇ ಕನ್ನಡ ಕಲಿತ ಮಗು ಹಾಗಾದರೆ ಯಾರದು? ಎಲ್ಲ ರಾಜ್ಯಗಳೂ ಇದೇ ಅಳತೆಗೋಲು ಹಿಡಿದರೆ ನಾವೆಲ್ಲಿಗೆ ಹೋಗೋದು? ಕನ್ನಡ ಕಲೀರಿ ಅನ್ನಿ, ಒಪ್ಪುತ್ತೇನೆ. ಹುಟ್ಟಿದ ಊರಿನ ಲೆಕ್ಕ ಕೇಳಬೇಡಿ.