ಹೇಳಿದ್ದಲ್ಲ, ಮಾಡಿದ್ದನ್ನೇ ಕಲಿತೆವು

ಕಳೆದ ಸೆಮಿಸ್ಟರ್ ರಜೆಗೆ ದಾವಣಗೆರೆಯ ಮನೆಗೆ ಹೋದಾಗ ನಮ್ಮ ಅಡುಗೆಮನೆಯೇ ಬದಲಾಗಿತ್ತು. ಸಂಜೆಯಾದರೆ ಅಪ್ಪ ತರುತ್ತಿದ್ದ ಮಂಡಕ್ಕಿ, ಮಿರ್ಚಿ ಪೊಟ್ಟಣ ಕಾಣಲಿಲ್ಲ. ಅದರ ಬದಲು ಬಟ್ಟಲಲ್ಲಿ ಹೆಸರುಕಾಳಿನ ಉಸಲಿ. ಮರುದಿನ ಬೆಳಿಗ್ಗೆ ಆರಕ್ಕೆಲ್ಲ ಅಪ್ಪ ಶೂ ಹಾಕಿಕೊಂಡು ವಾಕಿಂಗ್ ಹೊರಟರು. ನಾನು ಹುಬ್ಬೇರಿಸಿದ್ದು ನೋಡಿ ಅಮ್ಮ ಫ್ರಿಜ್ ಮೇಲಿದ್ದ ರಕ್ತಪರೀಕ್ಷೆಯ ವರದಿ ತೆಗೆದು ಕೈಗಿಟ್ಟಳು. ಅಪ್ಪನಿಗೆ ಶುಗರ್ ಬಂದಿತ್ತು. ವಯಸ್ಸು ಇನ್ನೂ 48.

ಆ ವರದಿ ಹಿಡಿದು ಕೂತಾಗ ಒಂದೇ ಪ್ರಶ್ನೆ ಕಾಡಿತು. ಈ ಉಸಲಿ, ಈ ವಾಕಿಂಗ್ ಹತ್ತು ವರ್ಷ ಮೊದಲೇ ನಮ್ಮ ಮನೆಗೆ ಏಕೆ ಬರಲಿಲ್ಲ?

ತರಕಾರಿ ತಿನ್ನಿ ಎಂದು ನಮ್ಮ ಮನೆಯಲ್ಲಿ ಯಾರೂ ಹೇಳಲಿಲ್ಲ ಎಂದಲ್ಲ. ದಿನಾ ಹೇಳುತ್ತಿದ್ದರು. ಆದರೆ ಸಾರಿನಲ್ಲಿದ್ದ ಬೀನ್ಸ್, ಕ್ಯಾರೆಟ್ಟನ್ನು ಅಪ್ಪನೇ ತಟ್ಟೆಯ ಅಂಚಿಗೆ ಸರಿಸುತ್ತಿದ್ದರು. ನಾನೂ ತಮ್ಮನೂ ಅದನ್ನು ನೋಡುತ್ತಿದ್ದೆವು, ಹಾಗೆಯೇ ಮಾಡುತ್ತಿದ್ದೆವು. ಮಕ್ಕಳು ದೊಡ್ಡವರನ್ನು ನೋಡಿಯೇ ಕಲಿಯುತ್ತಾರೆ ಎಂಬುದಕ್ಕೆ ಮನಃಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1961ರಲ್ಲಿ ನಡೆಸಿದ ಪ್ರಯೋಗ ಪ್ರಸಿದ್ಧ. ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಅದನ್ನೇ ಮಾಡಿದವು. ಊಟದ ತಟ್ಟೆಯ ಮುಂದೆಯೂ ನಡೆಯುವುದು ಅದೇ.

ಇನ್ನು ಬಹುಮಾನದ ವಿಚಾರ. ಒಳ್ಳೆಯ ಅಂಕ ಬಂದರೆ ಐಸ್‌ಕ್ರೀಂ, ಗೋಬಿ ಮಂಚೂರಿ. ಹಠ ಮಾಡಿದರೆ ‘ಮೊದಲು ಪಲ್ಯ ಖಾಲಿ ಮಾಡು’ ಎಂಬ ಗದರಿಕೆ. ಕರಿದದ್ದು, ಸಿಹಿಯಾದದ್ದು ಬಹುಮಾನ, ಸೊಪ್ಪು ಶಿಕ್ಷೆ ಎಂಬ ಲೆಕ್ಕ ಎಳೆಯ ತಲೆಯಲ್ಲಿ ಕೂತುಬಿಟ್ಟರೆ ತೆಗೆಯುವುದು ಸುಲಭವಲ್ಲ. ಇಷ್ಟವಿಲ್ಲದ ತರಕಾರಿಯನ್ನು ಮಕ್ಕಳು ಒಪ್ಪಿಕೊಳ್ಳಲು ಹತ್ತಾರು ಸಲ ರುಚಿ ನೋಡಬೇಕಾಗಬಹುದು. ಅಷ್ಟು ತಾಳ್ಮೆ ಬೇಕು, ಗದರಿಕೆಯಲ್ಲ.

ಆಟದ ಕಥೆಯೂ ಇಷ್ಟೇ. ಏಳನೇ ತರಗತಿಯವರೆಗೆ ನಾನು ಶಾಲೆಯ ಖೊಖೊ ತಂಡದಲ್ಲಿದ್ದೆ. ಎಂಟಕ್ಕೆ ಬಂದಾಗ ‘ದೊಡ್ಡವಳಾದೆ, ಇನ್ನು ಸಾಕು’ ಎಂದರು. ತಮ್ಮನಿಗೆ ಆ ಕಾರಣವಿರಲಿಲ್ಲ. ಆದರೆ ಎಸ್ಸೆಸ್ಸೆಲ್ಸಿ ಬಂದಾಗ ಅವನ ಬ್ಯಾಟೂ ಅಟ್ಟ ಸೇರಿತು. ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಅನ್ನು ಗಣಿತದವರು ತೆಗೆದುಕೊಂಡರೆ ಪೋಷಕರಿಗೆ ಸಂತೋಷವೇ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆ, ಟ್ಯೂಷನ್, ಹೋಂವರ್ಕ್ ನಡುವೆ ಆ 60 ನಿಮಿಷ ಎಲ್ಲಿತ್ತು? ‘ಪಿಯುಸಿ ಮುಗಿಯಲಿ, ಆಮೇಲೆ ಆಡು’ ಎಂದರು. ಆಮೇಲೆ ಸಿಇಟಿ ಬಂತು, ಬಿಇ ಬಂತು, ಈಗ ಪ್ಲೇಸ್‌ಮೆಂಟ್ ಚಿಂತೆ. ಖೊಖೊದಲ್ಲಿ ಓಡುತ್ತಿದ್ದ ನಾನು ಇಂದು ಹಾಸ್ಟೆಲಿನ ಮೂರನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬಿಡುತ್ತೇನೆ.

ಹಾಗೆಂದು ಎಲ್ಲ ತಪ್ಪನ್ನೂ ಅಪ್ಪ-ಅಮ್ಮನ ತಲೆಗೆ ಕಟ್ಟುವುದು ನ್ಯಾಯವಲ್ಲ. ಅಪ್ಪ ಹಳ್ಳಿಯಿಂದ ನಡೆದೇ ಶಾಲೆಗೆ ಹೋದವರು, ರಜೆಯಲ್ಲಿ ಹೊಲದಲ್ಲಿ ದುಡಿದವರು. ಅಜ್ಜಿ ಬಡಿಸುತ್ತಿದ್ದ ಊಟ ಆ ದುಡಿಮೆಗೆ ತಕ್ಕದ್ದಾಗಿತ್ತು. ಮುಂದೆ ಅಪ್ಪನ ಕೆಲಸ ಕುರ್ಚಿಗೆ ಬಂತು. ತಟ್ಟೆಯಲ್ಲಿನ ಅನ್ನದ ರಾಶಿ ಮಾತ್ರ ಹಾಗೇ ಉಳಿಯಿತು. ‘ಮನೆಕೆಲಸವೇ ನನಗೆ ವ್ಯಾಯಾಮ’ ಎನ್ನುವ ಅಮ್ಮ ಎಲ್ಲರದ್ದೂ ಆದ ಮೇಲೆ ಉಳಿದದ್ದನ್ನು ಉಣ್ಣುತ್ತಾಳೆ. ಹೆಣ್ಣುಮಕ್ಕಳು ಇದನ್ನೂ ನೋಡಿ ಕಲಿಯುತ್ತೇವೆ. ನಮ್ಮ ದೇಹದ ಕಾಳಜಿ ಕೊನೆಯ ಸರದಿಯಲ್ಲಿರಬೇಕು ಎಂಬ ಆ ಪಾಠವೇ ನನಗೆ ಹೆಚ್ಚು ಭಯ ಹುಟ್ಟಿಸುವುದು.

ತಂದೆಗೋ ತಾಯಿಗೋ ಟೈಪ್ 2 ಮಧುಮೇಹವಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ರಕ್ತದಲ್ಲಿ ಬಂದದ್ದನ್ನು ಬದಲಿಸಲಾಗದು, ಅಭ್ಯಾಸವಾಗಿ ಬಂದದ್ದನ್ನು ಬದಲಿಸಬಹುದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಅಂದಾಜಿನಂತೆ ದೇಶದ ಒಟ್ಟು ರೋಗಭಾರದ ಶೇ 56.4ರಷ್ಟಕ್ಕೆ ಸರಿಯಿಲ್ಲದ ಆಹಾರಕ್ರಮವೇ ಕಾರಣ. ಅಂದರೆ ಇದು ನಮ್ಮೊಬ್ಬರ ಮನೆಯ ಸಮಸ್ಯೆಯಲ್ಲ.

ಗೆಳೆಯರೇ, ನಮಗೂ ಒಂದು ಮಾತು. ಹಾಸ್ಟೆಲಿನಲ್ಲಿ ತಿಂಡಿ ಬಿಟ್ಟು ಮಧ್ಯರಾತ್ರಿ ನೂಡಲ್ಸ್ ತಿನ್ನಲು ನಮಗೆ ಯಾವ ಅಪ್ಪ-ಅಮ್ಮನೂ ಹೇಳಿಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ ಸಾಕು. ನಾವು ರೀಲ್ಸ್ ನೋಡುವ ಹೊತ್ತಿನಲ್ಲಿ ಅದೆಷ್ಟನೆಯ ಪಾಲು? ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎನ್ನುತ್ತಾರೆ. ಆದರೆ 48ರಲ್ಲಿ ಅಪ್ಪ ಬಗ್ಗಿದ್ದಾರೆ, 20ರಲ್ಲಿ ನಮಗೇನು ಕಷ್ಟ?

ರಜೆಯ ಕೊನೆಯ ವಾರ ಅಮ್ಮನನ್ನೂ ವಾಕಿಂಗಿಗೆ ಎಳೆದುಕೊಂಡು ಹೋದೆ. ಮೊದಲ ದಿನ ಹತ್ತೇ ನಿಮಿಷಕ್ಕೆ ‘ಹಾಲು ಕಾಯಿಸಬೇಕು’ ಎಂದು ವಾಪಸಾದಳು. ಮರುದಿನ ಹಾಲನ್ನು ತಮ್ಮ ಕಾಯಿಸಿದ, ಅವಳು ಅರ್ಧ ಗಂಟೆ ನಡೆದಳು. ಈಗ ಫೋನ್ ಮಾಡಿದಾಗ ‘ಊಟ ಆಯ್ತಾ’ ಎಂದು ಅವಳು ಕೇಳುತ್ತಾಳೆ, ‘ಇವತ್ತು ನಡೆದೆಯಾ’ ಎಂದು ನಾನು ಕೇಳುತ್ತೇನೆ.

ಪೋಷಕರಲ್ಲಿ ನನ್ನದೊಂದೇ ವಿನಂತಿ: ವೈದ್ಯರು ಹೇಳುವವರೆಗೆ ಕಾಯಬೇಡಿ. ಮಕ್ಕಳಿಗೆ ಉಪದೇಶ ಮಾಡುವ ಬದಲು ಸಂಜೆ ಅವರೊಂದಿಗೆ ಅರ್ಧ ಗಂಟೆ ಆಡಿ, ಅವರೊಂದಿಗೇ ಕೂತು ಅದೇ ಪಲ್ಯ ತಿನ್ನಿ. ಅವರು ನಿಮ್ಮನ್ನು ನೋಡುತ್ತಲೇ ಇರುತ್ತಾರೆ.