ಬೋನಿಗೆ ನಾನೇಕೆ ಪಟ್ಟಿ ಕೊಡಲಿಲ್ಲ



2024ರ ಏಪ್ರಿಲ್ ತಿಂಗಳಿನ ಒಂದು ಸಂಜೆ, ಸಿಂಧನೂರಿನ ನಮ್ಮ ಓಣಿಯ ನಾಲ್ಕಾರು ಹಿರಿಯರು ಮನೆಗೆ ಬಂದರು. ಮಂಗಗಳ ಹಾವಳಿ ಮಿತಿಮೀರಿದೆ, ಹಿಡಿಯುವವರನ್ನು ಕರೆಸೋಣ, ಮನೆಗೆ ಐದುನೂರು ರೂಪಾಯಿ ಪಟ್ಟಿ ಹಾಕಿದ್ದೇವೆ ಎಂದರು. ನಾನು ಕೊಡುವುದಿಲ್ಲವೆಂದೆ. "ಮಾಸ್ತರರಿಗೆ ಮಂಗಗಳ ಮೇಲೆ ಮನುಷ್ಯರಿಗಿಂತ ಹೆಚ್ಚು ಪ್ರೀತಿ" ಎಂದು ನಕ್ಕು ಹೊರಟರು. ಈ ವರ್ಷ ಮತ್ತೆ ಅದೇ ಮಾತು ಎದ್ದಿದೆ. ದೂರದ ಊರುಗಳಿಂದ ಬಂಧುಗಳೂ ಫೋನು ಮಾಡಿ "ಯಾಕೆ ಹಟ ಮಾಡುತ್ತೀರಿ?" ಎಂದು ಕೇಳುತ್ತಿದ್ದಾರೆ. ಆದುದರಿಂದ ನನ್ನ ನಿಲುವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ.

ಮಂಗಗಳ ಮೇಲೆ ನನಗೆ ವಿಶೇಷ ಪ್ರೀತಿಯೇನೂ ಇಲ್ಲ. ನಿವೃತ್ತನಾದ ಮೇಲೆ ಹಿತ್ತಲಿನಲ್ಲಿ ಪೇರಲ, ಚಿಕ್ಕು, ಪಪ್ಪಾಯಿ ಬೆಳೆಸಿದೆ. 2023ರ ಬರವನ್ನು ನೀವು ಮರೆತಿರಲಾರಿರಿ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರವೇ ಘೋಷಿಸಿತು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೆಯ ಬೆಳೆಗೆ ನೀರೇ ಬರಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹಳ್ಳಕೊಳ್ಳಗಳು ಒಣಗಿ, ಮಂಗಗಳ ಹಿಂಡು ಹಿತ್ತಲಿಗೆ ಇಳಿಯಿತು. ಹಣ್ಣು ತಿಂದವು, ನಲ್ಲಿ ತಿರುವಿದವು, ಟಾಕಿಯ ಮುಚ್ಚಳ ಕಿತ್ತೆಸೆದವು. ಬೆಳಗಿನ ಜಾವ ನವಿಲುಗಳು ಬಂದು ಬದನೆ, ಟೊಮೇಟೊ ಸಸಿಗಳನ್ನು ಕುಕ್ಕಿಹಾಕಿದವು. ಬಕೆಟ್ಟಿನಲ್ಲಿ ಹೊತ್ತು ನೀರುಣಿಸಿದ ಗಿಡ ಮುರಿದು ಬಿದ್ದುದನ್ನು ಕಂಡು ನನ್ನ ಮನೆಯವರು ಕಣ್ಣೀರು ಹಾಕಿದರು. ನನಗೂ ಸಿಟ್ಟು ಬಂದಿತ್ತು.

ಆದರೆ ನಾನು ಈ ಹಿಂದೆ ಒಮ್ಮೆ ಪಟ್ಟಿ ಕೊಟ್ಟವನು. 2019ರ ಬೇಸಿಗೆಯಲ್ಲಿ ಇದೇ ಓಣಿಯಲ್ಲಿ ಬೋನು ಇಡಿಸಿದ್ದೆವು. ಮಂಗಗಳನ್ನು ಹಿಡಿದು ಟೆಂಪೋದಲ್ಲಿ ತುಂಬಿಸಿಕೊಂಡು ಹೋದರು. "ಕಾಡಿಗೆ ಬಿಡುತ್ತೇವೆ" ಎಂದರು, ನಾವು ನಂಬಿದೆವು. ಹದಿನೈದು ದಿನಗಳಾದ ಮೇಲೆ ಲಿಂಗಸುಗೂರು ಕಡೆಯ ನನ್ನ ಹಳೆಯ ಶಿಷ್ಯನೊಬ್ಬ ಫೋನು ಮಾಡಿದ. "ಸರ್, ರಾತ್ರಿ ಯಾರೋ ಟೆಂಪೋದಾಗ ತಂದು ನಮ್ಮ ಗುಡ್ಡದ ಬುಡಕ್ಕ ಮಂಗ್ಯಾ ಬಿಟ್ಟು ಹೋಗ್ಯಾರ. ಬೋರಿನ ನೀರಾಗ ಬೆಳೆದಿದ್ದ ಶೇಂಗಾ ಎಲ್ಲಾ ಕಿತ್ತು ಹಾಕ್ಯಾವ" ಎಂದ. ಅವು ನಮ್ಮ ಓಣಿಯ ಮಂಗಗಳೇ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅಲ್ಲವೆಂದೂ ಹೇಳಲಾರೆ. ಆ ಹುಡುಗನಿಗೆ ನಾನು ಪಟ್ಟಿ ಕೊಟ್ಟ ಸಂಗತಿಯನ್ನು ಹೇಳುವ ಧೈರ್ಯ ಅಂದು ಬರಲಿಲ್ಲ. ಇಂದು ಇಲ್ಲಿ ಹೇಳುತ್ತಿದ್ದೇನೆ.

"ಕಾಡಿಗೆ" ಎನ್ನುತ್ತಾರಲ್ಲ, ಯಾವ ಕಾಡು? ರಾಜ್ಯದಲ್ಲಿ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲಿ ರಾಯಚೂರೂ ಒಂದು. ಇಲ್ಲಿ ಕಾಡೆಂದರೆ ಮಸ್ಕಿ, ಮುದಗಲ್ಲುಗಳ ಬೋಳು ಕಲ್ಲುಗುಡ್ಡ, ಅದರ ಬುಡದಲ್ಲಿ ಬಡ ರೈತನ ಹೊಲ. ನಮ್ಮ ತೊಂದರೆಯನ್ನು ಬೋನಿನಲ್ಲಿ ತುಂಬಿ ಅವನ ಹೊಲಕ್ಕೆ ಸುರಿದು ಬರುವುದಕ್ಕೆ ನಾವು ಪರಿಹಾರವೆಂದು ಹೆಸರಿಟ್ಟಿದ್ದೇವೆ. ಅದಾದರೂ ನಿಲ್ಲುವುದೇ? ತಿನ್ನಲು ಸಿಗುವ ಜಾಗದಿಂದ ಒಂದು ಹಿಂಡು ಹೋದರೆ ಇನ್ನೊಂದು ಹಿಂಡು ಬಂದು ಸೇರುತ್ತದೆ. 2019ರಲ್ಲಿ ಹಿಡಿಸಿದ ನಮ್ಮ ಓಣಿಗೆ ಮರುವರ್ಷವೇ ಬೇರೆ ಹಿಂಡು ಬಂದಿತು. ಇದಲ್ಲದೆ, ತಲೆಯ ಮೇಲೆ ಟೋಪಿಯಂತೆ ಕೂದಲಿರುವ ಈ ಕಪಿ ದಕ್ಷಿಣ ಭಾರತವನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಸಹಜವಾಗಿ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಅನುಮತಿಯಿಲ್ಲದೆ ಹಿಡಿಯುವುದು ಅಪರಾಧ. ನವಿಲಂತೂ ರಾಷ್ಟ್ರಪಕ್ಷಿ.

ಈ ಬುದ್ಧಿ ನಮಗೆ ಹೊಸದಲ್ಲ. ನೀರಿನ ವಿಷಯದಲ್ಲಿ ನಾವು ಮಾಡಿಕೊಂಡು ಬಂದಿರುವುದೂ ಇದನ್ನೇ. ಎಡದಂಡೆ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ಭೂಮಿಗೆ ಜೋಳ, ಹತ್ತಿಯಂತಹ ಕಡಿಮೆ ನೀರಿನ ಬೆಳೆಗಳನ್ನೇ ನಿಗದಿಪಡಿಸಿದ್ದರು. ಮೇಲ್ಭಾಗದವರು ಭತ್ತ ನಟ್ಟರು. ಕೆಳಭಾಗದ ಮಾನ್ವಿ, ರಾಯಚೂರು ಕಡೆಯವರು ಕಾಲುವೆಯ ಬಾಯಿ ನೋಡುತ್ತ ಕುಳಿತರು. ಕಾಲುವೆಯ ನೀರು ತಲುಪದ ಮಸ್ಕಿ ಭಾಗದ ಹಳ್ಳಿಗಳ ರೈತರು 5ಎ ಕಾಲುವೆಗಾಗಿ 2020ರಿಂದ ಪಾಮನಕಲ್ಲೂರಿನಲ್ಲಿ ತಿಂಗಳುಗಟ್ಟಲೆ ಧರಣಿ ಕೂಡಬೇಕಾಯಿತು. ನೀರಿದ್ದವನು ಬರವನ್ನು ಕೆಳಗಿನವನಿಗೆ ದಾಟಿಸಿದ. ಈಗ ಓಣಿಯವರು ಮಂಗಗಳನ್ನು ಗುಡ್ಡದವನಿಗೆ ದಾಟಿಸುತ್ತಿದ್ದಾರೆ. ಎರಡೂ ಒಂದೇ ಪಾಪ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಪಟ್ಟಿ ಕೇಳಲು ಬಂದವರಲ್ಲಿ ಇಬ್ಬರು ಪ್ರತಿ ಶನಿವಾರ ಹನುಮಪ್ಪನ ಗುಡಿಯ ಮುಂದೆ ಅವೇ ಮಂಗಗಳಿಗೆ ಬಾಳೆಹಣ್ಣು ಕೊಡುವವರು. ಶನಿವಾರ ಕೈಯಿಂದ ತಿನ್ನಿಸಿ ಮನುಷ್ಯರ ಭಯ ಬಿಡಿಸುವುದು, ರವಿವಾರ ಮನೆಗೆ ಬಂದವೆಂದು ಬೋನು ಇಡುವುದು! ಉಂಡ ಎಲೆಗಳನ್ನೂ ಕೊಳೆತ ಕಾಯಿಪಲ್ಯೆಯನ್ನೂ ಓಣಿಯ ತುದಿಗೆ ಸುರಿಯುವವರೂ ನಾವೇ. ಲಿಂಗಸುಗೂರಿನಲ್ಲಿ ನಾನು ಸೈಕಲ್ ತುಳಿಯುತ್ತ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ದಾರಿಯುದ್ದಕ್ಕೂ ಹುಣಸೆ, ಆಲ, ಬೇವಿನ ಮರಗಳಿದ್ದವು. ಕೋತಿಗಳು ಅಲ್ಲಿಯೇ ಉಂಡು ಅಲ್ಲಿಯೇ ಮಲಗುತ್ತಿದ್ದವು. ಆ ಮರಗಳನ್ನು ಕಡಿದವು ಮಂಗಗಳಲ್ಲ.

ಹಾಗಾದರೆ ಸುಮ್ಮನೆ ಸಹಿಸಬೇಕೇ ಎಂದು ಕೇಳುವಿರಿ. ಇಲ್ಲ. ಇಡೀ ಬೆಳೆ ಕಳೆದುಕೊಂಡ ರೈತನ ಕಷ್ಟವೂ, ಪೇರಲ ಕಳೆದುಕೊಂಡ ನಿವೃತ್ತ ಮಾಸ್ತರನ ಕಷ್ಟವೂ ಒಂದೇ ಅಲ್ಲ. ಅವನಿಗೆ ಸರ್ಕಾರ ತಕ್ಕ ಪರಿಹಾರ ಕೊಡಲೇಬೇಕು. ನಮ್ಮಂತಹ ಹಿತ್ತಲಿನವರು ಮಾತ್ರ ಸ್ವಲ್ಪ ಬುದ್ಧಿ ಖರ್ಚು ಮಾಡಿದರೆ ಸಾಕು. ನಾನು ಮಾಡಿದ್ದು ಇಷ್ಟು. ಪಪ್ಪಾಯಿಯನ್ನು ಕೈಬಿಟ್ಟು, ಮಂಗಗಳು ಅಷ್ಟಾಗಿ ಮುಟ್ಟದ ಮೆಣಸಿನಕಾಯಿ, ಅರಿಶಿನ, ಕರಿಬೇವು, ನಿಂಬೆ ಹಾಕಿದೆ. ಪೇರಲವನ್ನು ದೋರೆಗಾಯಿ ಇರುವಾಗಲೇ ಕೀಳುತ್ತೇನೆ. ಸಸಿಗಳ ಮಡಿಯ ಮೇಲೆ ಜಾಲಿಮುಳ್ಳು ಹರಡಿದರೆ ನವಿಲು ಕಾಲಿಡುವುದಿಲ್ಲ. ಸುಟ್ಟ, ಆದರೆ ಮೆರುಗು ಬಳಿಯದ ಸಾದಾ ಮಣ್ಣಿನ ಗಡಿಗೆಗಳನ್ನು ಗಿಡದ ಪಕ್ಕ ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಕಲ್ಲು ಮುಚ್ಚಿದೆ. ನೀರು ಮೆಲ್ಲನೆ ಒಸರಿ ಬೇರಿಗೇ ಸೇರುತ್ತದೆ. ಮೇಲೆ ಭತ್ತದ ಹುಲ್ಲು ಹೊದಿಸಿದೆ. ನಮ್ಮ ಸುತ್ತಲಿನ ಹೊಲಗಳಲ್ಲಿ ಸುಟ್ಟು ಹಾಕುವ ಹುಲ್ಲು ಅದು. ಪಾತ್ರೆ ತೊಳೆದ ನೀರು ಕರಿಬೇವಿಗೆ ಹೋಗುತ್ತದೆ. ಐದುನೂರು ರೂಪಾಯಿಯಲ್ಲಿ ಊರ ಹೊರಗಿನ ಬನ್ನಿ ಮರದ ಕೆಳಗೆ ಒಂದು ಸಿಮೆಂಟಿನ ಬಾನಿ ಇರಿಸಿ, ಬೇಸಿಗೆಯಲ್ಲಿ ನೀರು ತುಂಬಿಸುತ್ತಿದ್ದೇನೆ. ಮಂಗಗಳು ಬರುವುದು ಪೂರ್ತಿ ನಿಂತಿಲ್ಲ. ಕಡಿಮೆಯಾಗಿದೆ, ನನಗೆ ಅಷ್ಟು ಸಾಕು.

ಮಸ್ಕಿಯಲ್ಲಿ ಪಾಠ ಹೇಳುತ್ತಿದ್ದಾಗ ಪ್ರತಿವರ್ಷ ಮಕ್ಕಳನ್ನು ಅಲ್ಲಿನ ಗುಡ್ಡದ ಶಾಸನ ತೋರಿಸಲು ಕರೆದೊಯ್ಯುತ್ತಿದ್ದೆ. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ಗುರುತಿಸಿದ, ಅಶೋಕನ ಹೆಸರನ್ನು ಲೋಕಕ್ಕೆ ಖಚಿತಪಡಿಸಿದ ಶಾಸನವದು. ಅದೇ ದೊರೆ ಗಿರ್ನಾರ್ ಮೊದಲಾದ ಕಡೆಗಳ ಬೇರೊಂದು ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ್ದಾಗಿ ಹೇಳಿಕೊಂಡಿದ್ದಾನೆ. ಇದನ್ನು ನಿಮಗೆಲ್ಲ ಬಾಯಿಪಾಠ ಮಾಡಿಸಿ, ಪರೀಕ್ಷೆಯಲ್ಲಿ ಅಂಕವನ್ನೂ ಕೊಟ್ಟಿದ್ದೇನೆ. ಅಂಥವನು ಬೋನಿಗೆ ಪಟ್ಟಿ ಕೊಟ್ಟರೆ, ಆ ಅಂಕಗಳನ್ನೆಲ್ಲ ಮೊದಲು ನಾನು ಹಿಂದಕ್ಕೆ ಪಡೆಯಬೇಕಾಗುತ್ತದೆ.

ಈ ವರ್ಷವೂ ಪಟ್ಟಿ ಕೊಡುವುದಿಲ್ಲ. ಬಾನಿಗೆ ನೀರು ಹೊರಲು ಯಾರಾದರೂ ಬರುವುದಾದರೆ ನನ್ನಲ್ಲಿ ಎರಡು ಕೊಡಗಳಿವೆ.